ಬೋರ್‌ವೆಲ್ ಉಳಿಯಿತು, ಗ್ರಾಮಸಭೆ ಬತ್ತಿತು

ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಕರ್ನಾಟಕದ ಹಳ್ಳಿಗಳಿಗೆ ಎರಡು ಕೊಡುಗೆ ಕೊಟ್ಟು ಹೋದರು. ಒಂದು, ಕುಡಿಯುವ ನೀರಿನ ಕೊಳವೆ ಬಾವಿ; ಜನ ಅವರನ್ನು ‘ನೀರ್ ಸಾಬ್’ ಎಂದು ಪ್ರೀತಿಯಿಂದ ಕರೆದದ್ದು ಅದಕ್ಕೇ. ಇನ್ನೊಂದು, ಅಧಿಕಾರ. 1983ರ ಪಂಚಾಯತ್ ಕಾಯ್ದೆಯ ಹಿಂದಿದ್ದವರು ಅವರು. ಆ ಕಾಯ್ದೆಯಡಿ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಹುದ್ದೆಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ ಬಂದರು. ಮರುವರ್ಷ ನಜೀರ್ ಸಾಬ್ ತೀರಿಕೊಂಡರು. ಅವರ ಮೊದಲ ಕೊಡುಗೆಯನ್ನು ನಾವು ಮಿತಿಮೀರಿ ಬಳಸಿದೆವು. ಎರಡನೆಯದನ್ನು ಬಳಸದೆಯೇ ಹಾಳುಗೆಡವಿದೆವು. ಇವತ್ತು ಹವಾಮಾನ ಬದಲಾವಣೆ ನಮ್ಮ ಊರುಗಳ ಬಾಗಿಲಿಗೆ ಬಂದು ನಿಂತಿರುವಾಗ ಈ ಎರಡು ತಪ್ಪುಗಳೂ ಒಟ್ಟಿಗೇ ಲೆಕ್ಕ ಕೇಳುತ್ತಿವೆ.

ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಒಮ್ಮೆ ನೋಡಿ. 2021ರ ನವೆಂಬರ್‌ನಲ್ಲಿ ಅಲ್ಲಿ ಸುರಿದ ಮಳೆಗೆ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳು ಕೋಡಿ ಬಿದ್ದವು. ಹೊಲದಲ್ಲಿದ್ದ ರಾಗಿ ಮೊಳಕೆಯೊಡೆಯಿತು, ಟೊಮೆಟೊ ಕೊಳೆಯಿತು, ರಸ್ತೆಗಳು ಕೊಚ್ಚಿಹೋದವು. ಎರಡೇ ವರ್ಷ ಕಳೆದು 2023 ಬಂತು. ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಪರಿಹಾರಕ್ಕಾಗಿ 18,171 ಕೋಟಿ ರೂಪಾಯಿ ಕೇಳಿದ ರಾಜ್ಯ, ಹಣ ಬಾರದಿದ್ದಾಗ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,450 ಕೋಟಿ. ಆ ತಾರತಮ್ಯದ ಬಗ್ಗೆ ದೊಡ್ಡ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ 2021ರಲ್ಲಿ ಕೋಡಿ ಹರಿದ ನೀರು 2023ರ ಹೊತ್ತಿಗೆ ಎಲ್ಲಿ ಹೋಯಿತು ಎಂದು ವಿಧಾನಸಭೆಯಲ್ಲಿ ಕೇಳಿದವರು ಎಷ್ಟು ಜನ? ಆ ಪ್ರಶ್ನೆ ಕೇಳಬೇಕಾದ ಜಾಗ ಗ್ರಾಮಸಭೆ. ಅಲ್ಲಿ ಅದನ್ನು ಕೇಳುವ ರೂಢಿಯೇ ತಪ್ಪಿಹೋಗಿದೆ.

ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಹಿಡಿದಿಟ್ಟುಕೊಳ್ಳುವ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹೀಗಾಗಿ ಮಳೆ ಬಂದರೆ ಒಮ್ಮೆಗೇ ದಬದಬ ಸುರಿಯುತ್ತದೆ, ಬಾರದಿದ್ದರೆ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ವರ್ಷದ ಸರಾಸರಿ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ, ಹೊಲ ಮಾತ್ರ ಒಮ್ಮೆ ಮುಳುಗಿ ಒಮ್ಮೆ ಒಣಗುತ್ತದೆ. ಇಂಥ ಮಳೆಗೆ ಬೇಕಾದದ್ದು ಕೆಲವು ದಿನಗಳ ನೀರನ್ನು ವರ್ಷಪೂರ್ತಿ ಹಿಡಿದಿಡುವ ವ್ಯವಸ್ಥೆ. ವರ್ಷವಿಡೀ ಹರಿಯುವ ನದಿಯಿಲ್ಲದ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಕೋಲಾರದ ಸೀಮೆಯಲ್ಲಿ ನಮ್ಮ ಹಿರಿಯರು ಕಟ್ಟಿದ್ದು ಅದನ್ನೇ. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಪಳಿ ಅದು. ಏರಿ, ತೂಬು, ಕೋಡಿ, ರಾಜಕಾಲುವೆ, ಅಚ್ಚುಕಟ್ಟು, ಇವುಗಳಲ್ಲಿ ಒಂದು ಕೆಟ್ಟರೂ ಉಳಿದವಕ್ಕೆ ಅರ್ಥವಿರಲಿಲ್ಲ.

ಆ ಸರಪಳಿ ತಾನಾಗಿ ಸವೆದು ಹೋಗಲಿಲ್ಲ. ಕಿತ್ತವರು ನಾವು. ಕೆರೆಯ ಮೇಲಣ ಗೋಮಾಳ, ಗುಂಡುತೋಪುಗಳು ಮಂಜೂರಾದವು, ಒತ್ತುವರಿಯಾದವು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ನೀಲಗಿರಿ ಹಬ್ಬಿತು. ಹೊಸದಾಗಿ ನೀಲಗಿರಿ ನೆಡಬಾರದು ಎಂಬ ಆದೇಶ ಹೊರಬೀಳುವ ಹೊತ್ತಿಗೆ 2017 ಬಂದಿತ್ತು. ರಾಜಕಾಲುವೆಯ ಮೇಲೆ ಲೇಔಟು ಬಂತು, ಏರಿಯ ಮೇಲೆ ಜಾಲಿ ಬೆಳೆಯಿತು, ಕೆರೆಯಂಗಳದ ಮಣ್ಣು ಇಟ್ಟಿಗೆ ಗೂಡಿಗೂ ಮರಳು ಕಟ್ಟಡಗಳಿಗೂ ಹೋಯಿತು. ತೂಬು ಎತ್ತಿ ಇಳಿಸಿ ಸರದಿಯಂತೆ ಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿಯ ಕಸುಬು ನಿಂತಿತು. ಯಾಕೆಂದರೆ ಅಷ್ಟರಲ್ಲಿ ಹೊಲಕ್ಕೊಂದು ಬೋರು ಬಂದಿತ್ತು. ಸ್ವಂತ ಬೋರು ಇರುವವನಿಗೆ ಕೆರೆಯ ಹಂಗು ಯಾಕೆ? 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಪುಕ್ಕಟೆ. ನೀರಿಗೂ ಬೆಲೆಯಿಲ್ಲ, ಕರೆಂಟಿಗೂ ಬೆಲೆಯಿಲ್ಲ ಎಂದಾದ ಮೇಲೆ ಬೆಲೆ ತೆತ್ತಿದ್ದು ನೆಲದಡಿಯ ನೀರು. ಇವತ್ತು ಕೋಲಾರ ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. 1,200 ಅಡಿ, 1,500 ಅಡಿ ಕೊರೆಸುವುದು ಅಲ್ಲಿ ಮಾಮೂಲು. ಮೇಲೆ ಬರುವ ನೀರಿನಲ್ಲಿ ಫ್ಲೋರೈಡ್. ಅಷ್ಟು ಆಳದಿಂದ ನೀರೆತ್ತಲು ಉರಿಯುವ ವಿದ್ಯುತ್ತಿನ ಒಂದು ಪಾಲು ಬರುವುದು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳಿಂದ. ಭೂಮಿ ಬಿಸಿಯಾಗಲು ನಮ್ಮ ಪಾಲು, ಬಿಸಿಯಾದ ಭೂಮಿಯಲ್ಲಿ ಬದುಕುವ ನಮ್ಮ ಪಾಡು, ಎರಡೂ ಆ ಒಂದೇ ಕೊಳವೆಯಲ್ಲಿ ಕೂಡಿಕೊಂಡಿವೆ.

ಸರ್ಕಾರ ಸುಮ್ಮನೆ ಕೂರಲಿಲ್ಲ, ನಿಜ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಆರಂಭವಾಯಿತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ವರೆಗೆ ಕೋಲಾರ ಭಾಗದ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ ಅದು. ಬತ್ತಿದ ಕೆರೆಗಳಲ್ಲಿ ನೀರು ಕಂಡ ರೈತರಿಗೆ ಸಂತೋಷವಾಗಿದೆ, ಸುತ್ತಲ ಬೋರುಗಳಲ್ಲಿ ನೀರು ಮೇಲೆ ಬಂದಿದೆ. ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದೂ ಅಷ್ಟೇ ನಿಜ. ಆದರೆ ಈ ಯೋಜನೆಯಲ್ಲಿ ಊರಿನವರ ಪಾತ್ರ ಏನು? ಯಾವ ಕೆರೆಗೆ, ಯಾವಾಗ, ಎಷ್ಟು, ಎಂಥ ನೀರು ಎಂಬುದೆಲ್ಲ ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ. ತಮ್ಮದೇ ಕೆರೆಯ ದಡದಲ್ಲಿ ಜನ ಫಲಾನುಭವಿಗಳಾಗಿ ನಿಂತಿದ್ದಾರೆ. ಬಂದ ನೀರನ್ನು ಹಂಚಿಕೊಳ್ಳುವ ನಿಯಮ ಊರಿನಲ್ಲಿಲ್ಲದಿದ್ದರೆ, ಹೆಚ್ಚು ಆಳದ ಬೋರು ಯಾರದೋ ಅವರೇ ಆ ನೀರಿನ ಯಜಮಾನರು.

ನಮ್ಮ ಆತಂಕದ ಮೂಲ ಇರುವುದು ಇಲ್ಲೇ. ಕೆರೆ ಬತ್ತಿದ್ದಕ್ಕಿಂತ ದೊಡ್ಡ ಅವನತಿಯೆಂದರೆ ಊರು ತನ್ನ ಭವಿಷ್ಯವನ್ನು ತಾನೇ ಕೂತು ಯೋಚಿಸುವ ಶಕ್ತಿ ಬತ್ತಿದ್ದು. ಹೂಳು ತೆಗೆಯಲು ಜೆಸಿಬಿ ಸಿಗುತ್ತದೆ. ಈ ಶಕ್ತಿಯನ್ನು ಮತ್ತೆ ತುಂಬುವ ಯಂತ್ರ ಯಾವ ಟೆಂಡರಿನಲ್ಲೂ ಸಿಗುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಂಚಾಯತಿಗಳಿಗೆಂದು ಪಟ್ಟಿ ಮಾಡಿದೆ. ಕೃಷಿ, ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ, ಉರುವಲು ಮತ್ತು ಮೇವು, ಕುಡಿಯುವ ನೀರು, ಅಸಾಂಪ್ರದಾಯಿಕ ಇಂಧನ, ಎಲ್ಲವೂ ಅದರಲ್ಲಿವೆ. ಹವಾಮಾನ ಬದಲಾವಣೆ ಎಂಬ ಮಾತು ಮನೆಮಾತಾಗುವ ಮುನ್ನವೇ ಅದನ್ನು ಎದುರಿಸುವ ಸಲಕರಣೆಗಳನ್ನು ಸಂವಿಧಾನ ಹಳ್ಳಿಯ ಕೈಗೆ ಕೊಟ್ಟಿತ್ತು. ನಮ್ಮ ರಾಜ್ಯದ ಗ್ರಾಮ ಸ್ವರಾಜ್ ಕಾಯ್ದೆಯಂತೂ ಜನವಸತಿ ಸಭೆಯಿಂದ ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮಸಭೆಗೆ ಮೆಟ್ಟಿಲು ಕಟ್ಟಿದೆ. ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ತಳಿ, ಹಕ್ಕಿ, ಮೀನುಗಳ ದಾಖಲೆ ಸಿದ್ಧವಾಗಬೇಕು ಎನ್ನುತ್ತದೆ.

ನಡೆದದ್ದೇನು? ಜೀವವೈವಿಧ್ಯ ದಾಖಲೆಗಳು ಹಸಿರು ನ್ಯಾಯಮಂಡಳಿಯ ಗಡುವಿಗೆ ಹೆದರಿ ತರಾತುರಿಯಲ್ಲಿ ತಯಾರಾಗಿ ಬೀರು ಸೇರಿದವು. ಗ್ರಾಮಸಭೆಯೆಂದರೆ ಅನೇಕ ಕಡೆ ಮನೆ ಮಂಜೂರಾತಿಯ ಪಟ್ಟಿ ಓದುವ ಸಭೆ. ಹಾಜರಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದೂ ಉಂಟು. ಕ್ರಿಯಾ ಯೋಜನೆಯೆಂದರೆ ಸಿಸಿ ರಸ್ತೆ, ಚರಂಡಿ, ಹೈಮಾಸ್ಟ್ ದೀಪ. ಬಿಲ್ ಆಗುವ ಕಾಮಗಾರಿಗೆ ಮಾತ್ರ ಯೋಜನೆಯಲ್ಲಿ ಜಾಗ. ಮಳೆ ಲೆಕ್ಕ ಬಿಲ್ ಆಗುವುದಿಲ್ಲ. ಬೆಳೆ ಬದಲಿಸುವುದೂ ಬಿಲ್ ಆಗುವುದಿಲ್ಲ.

ಇದಕ್ಕೆ ಹಳ್ಳಿಯವರನ್ನಷ್ಟೇ ದೂರುವುದು ಅನ್ಯಾಯ. ಒಂದು ಕೆರೆಯನ್ನೇ ತೆಗೆದುಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಅದು ಪಂಚಾಯತ್ ರಾಜ್ ವ್ಯವಸ್ಥೆಯದು, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಯದು. ಜಮೀನಿನ ದಾಖಲೆ ಕಂದಾಯದವರಲ್ಲಿ, ಅಂಗಳದ ಮರ ಅರಣ್ಯದವರದು. ಕೆರೆಯ ಪಕ್ಕ ಹೊಸ ಬೋರು ಕೊರೆಯಲು ಅನುಮತಿ ಕೊಡುವುದು 2011ರ ಅಂತರ್ಜಲ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ಇಷ್ಟು ಜನ ಯಜಮಾನರಿರುವ ಕೆರೆಗೆ ಕಾವಲುಗಾರ ಒಬ್ಬನೂ ಇಲ್ಲ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಈ ಕೊರತೆ ನೀಗಲು ನೋಡಿತು. ಸಾಲದ ಅವಧಿ ಮುಗಿಯುತ್ತಿದ್ದಂತೆ ಬಹಳಷ್ಟು ಸಂಘಗಳ ಉಸಿರೂ ನಿಂತಿತು. ಹೊರಗಿನ ಹಣಕ್ಕಾಗಿ ಹುಟ್ಟಿದ ಸಂಘಕ್ಕೆ ಪಂಚಾಯತಿಯ ಬೇರು ಇರಲಿಲ್ಲ.

ಮೇಲಿನ ಹಂತ ಇನ್ನೂ ನಾಚಿಕೆಗೇಡು. ಒಂದು ಗ್ರಾಮ ಪಂಚಾಯತಿ ಎಷ್ಟೇ ಚೆನ್ನಾಗಿ ಯೋಜನೆ ಮಾಡಿದರೂ ಮೇಲಿನ ಊರಿನ ಕೆರೆ ಕೋಡಿ ಬೀಳದಿದ್ದರೆ ಅದಕ್ಕೆ ನೀರಿಲ್ಲ. ಊರೂರುಗಳ ಯೋಜನೆಯನ್ನು ಹೊಂದಿಸಬೇಕಾದದ್ದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳು. ಅವುಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕು ಎನ್ನುವುದು ಸಂವಿಧಾನದ 243-ಇ ವಿಧಿ. ನಮ್ಮಲ್ಲಿ ನಡೆದದ್ದು ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ಕಾಲಾವಕಾಶದ ಕೋರಿಕೆ. ವಿಳಂಬಕ್ಕೆ ಹೈಕೋರ್ಟ್ ಸರ್ಕಾರಕ್ಕೆ ದಂಡ ವಿಧಿಸಿದ್ದೂ ಆಯಿತು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, ನೆಪ ಮಾತ್ರ ಬದಲಾಗಲಿಲ್ಲ. ವರ್ಷಗಟ್ಟಲೆ ಜಿಲ್ಲೆಗಳನ್ನು ಆಡಳಿತಾಧಿಕಾರಿಗಳೇ ನಡೆಸಿದರು. 2023ರ ಬರ ಬಂದಾಗ ಜಿಲ್ಲೆಯ ಮಟ್ಟದಲ್ಲಿ ಜನ ಆರಿಸಿದ ಒಂದು ಪಂಚಾಯತಿಯೂ ಇರಲಿಲ್ಲ. ಜಿಲ್ಲೆಯ ಹಳ್ಳಿ-ಪಟ್ಟಣಗಳ ಯೋಜನೆಗಳನ್ನು ಕೂಡಿಸಬೇಕಾದ ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ನಗರಸಭೆಗಳ ಚುನಾಯಿತ ಸದಸ್ಯರಿಂದಲೇ ಬರಬೇಕು ಎನ್ನುತ್ತದೆ 243-ಝಡ್‌ಡಿ ವಿಧಿ. ಜಿಲ್ಲಾ ಪಂಚಾಯತಿಯೇ ಇಲ್ಲವೆಂದ ಮೇಲೆ ಆ ಸಮಿತಿಗೆ ಯಾವ ಬೆಲೆ? ಚುನಾಯಿತ ಮಂಡಳಿಯಿಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ಅನುದಾನವೂ ಸಿಗುವುದಿಲ್ಲ. ಕೇಂದ್ರ ಅನ್ಯಾಯ ಮಾಡಿತೆಂದು ದೆಹಲಿಯಲ್ಲಿ ಧರಣಿ ಕೂರುವ ರಾಜ್ಯವೇ ತನ್ನ ಜಿಲ್ಲೆಗಳ ಹಕ್ಕಿನ ಹಣಕ್ಕೆ ಅಡ್ಡ ನಿಂತಿತು.

ರಾಜಧಾನಿಯ ಕತೆಯೂ ಬೇರೆಯಲ್ಲ. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2023ರ ನವೆಂಬರ್‌ನಲ್ಲಿ ಪಾಲಿಕೆ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿ ಅದರಲ್ಲಿದೆ. ತಜ್ಞರು ಶ್ರಮಪಟ್ಟು ಮಾಡಿದ ದಾಖಲೆ ಅದು, ಸಂದೇಹವಿಲ್ಲ. ಆದರೆ ಅದನ್ನು ಚರ್ಚಿಸಿ, ತಿದ್ದಿ, ತಮ್ಮ ವಾರ್ಡಿಗೆ ಒಯ್ಯಬೇಕಾದ ಒಬ್ಬ ಕಾರ್ಪೊರೇಟರ್ ಕೂಡ ಆಗ ಇರಲಿಲ್ಲ. ನಾಲ್ಕೇ ತಿಂಗಳಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆ ಬಾವಿಗಳ ಪೈಕಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಯೇ ಹೇಳಬೇಕಾಯಿತು. ಟ್ಯಾಂಕರ್‌ಗೆ ದರ ನಿಗದಿ, ಕಾರು ತೊಳೆದರೆ ದಂಡ, ಎಲ್ಲ ಶುರುವಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ಊರನ್ನು ಬಿಟ್ಟು ಮಾಡುವ ಯೋಜನೆ ಎರಡು ರೀತಿಯಲ್ಲಿ ಕೆಡುತ್ತದೆ. ಒಂದಕ್ಕೆ ಪಶ್ಚಿಮ ಘಟ್ಟ ಸಾಕ್ಷಿ. ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿಯ ಜೀವಾಳವೇ ನಿರ್ಧಾರಗಳು ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕು ಎಂಬುದು. ಆ ವರದಿಯನ್ನೇ ಸರ್ಕಾರ ಬಚ್ಚಿಟ್ಟಿತು, ಮಾಹಿತಿ ಹಕ್ಕಿನ ಹೋರಾಟದ ನಂತರ 2012ರಲ್ಲಷ್ಟೇ ಅದು ಹೊರಬಂತು. ಜನರ ಕೈಗೆ ವರದಿ ಸೇರುವ ಮೊದಲೇ ಅದರ ಬಗ್ಗೆ ಭಯ ಸೇರಿತ್ತು. ಆಮೇಲೆ ಬಂದ ಕಸ್ತೂರಿರಂಗನ್ ವರದಿ, ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆಗಳು, ರಾಜ್ಯದ ನಿರಾಕರಣೆ, ಹೀಗೆ ಹಗ್ಗಜಗ್ಗಾಟ ಸಾಗಿತು. ಈ ನಡುವೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿಯಿತು. ಯಾವ ಇಳಿಜಾರಿನಲ್ಲಿ ರೆಸಾರ್ಟ್ ಸಲ್ಲದು, ಯಾವ ಹಳ್ಳದ ದಾರಿ ಮುಚ್ಚಬಾರದು ಎಂಬುದು ಅಲ್ಲಿನ ಹಿರಿಯರಿಗೆ ಗೊತ್ತು. ಅವರನ್ನು ಕೇಳಿದ್ದು ‘ವರದಿ ಬೇಕೋ ಬೇಡವೋ’ ಎಂದು ಮಾತ್ರ.

ಇನ್ನೊಂದಕ್ಕೆ ಪಾವಗಡ ಸಾಕ್ಷಿ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್. ಬರಗಾಲದ ಸೀಮೆಯ ರೈತನಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಭೂಮಿ ಅವನದೇ. ಸ್ವಾಧೀನದ ದೌರ್ಜನ್ಯಕ್ಕಿಂತ ಇದು ಎಷ್ಟೋ ಮೇಲು ಎಂದು ಒಪ್ಪೋಣ. ಆದರೆ ಬಾಡಿಗೆ ಬಂದದ್ದು ಭೂಮಿ ಇದ್ದವರಿಗೆ. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವರು, ಬೀಳು ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರು ಯಾವ ಕರಾರಿನಲ್ಲೂ ಇಲ್ಲ. ಆ ಐದು ಊರುಗಳ ಗ್ರಾಮಸಭೆಗಳು ಕೂತು ‘ಕೂಲಿಯವರಿಗೇನು, ಮೇವಿಗೇನು, ಊರಿಗೆ ಬರುವ ಆದಾಯದಲ್ಲಿ ಪಂಚಾಯತಿಗೆಷ್ಟು’ ಎಂದು ಚೌಕಾಸಿ ಮಾಡುವ ಬಲ ಪಡೆದಿದ್ದರೆ ಕತೆ ಬೇರೆಯಿರುತ್ತಿತ್ತು. ಹಸಿರು ಬೆಳವಣಿಗೆಯೂ ಮೇಲಿನಿಂದ ಇಳಿದರೆ ಬಡವನ ತಲೆಯ ಮೇಲೇ ಇಳಿಯುತ್ತದೆ.

ಊರು ತಾನೇ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯಲ್ಲೇ ಉದಾಹರಣೆಗಳಿವೆ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ನಮ್ಮ ಕೋಲಾರಕ್ಕಿಂತ ಕಡಿಮೆ ಮಳೆಯ ಊರು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ, 1990ರ ದಶಕದಿಂದ, ಅಲ್ಲಿನ ಗ್ರಾಮಸಭೆ ಬೇಸಾಯಕ್ಕೆ ಬೋರ್‌ವೆಲ್ ಕೊರೆಯುವುದನ್ನು ನಿಷೇಧಿಸಿತು. ಗುಡ್ಡಗಳಿಗೆ ಬದು ಹಾಕಿತು. ಮಳೆಗಾಲ ಮುಗಿದ ಮೇಲೆ ಊರೆಲ್ಲ ಸೇರಿ ನೀರಿನ ಬಜೆಟ್ ಮಂಡಿಸುತ್ತದೆ. ಬಿದ್ದ ಮಳೆ ಇಷ್ಟು, ಕುಡಿಯಲು ಇಷ್ಟು, ದನಕರುಗಳಿಗೆ ಇಷ್ಟು, ಉಳಿದದ್ದರಲ್ಲಿ ಈ ವರ್ಷ ಈ ಬೆಳೆ. ಕಬ್ಬು ಬೇಡ ಎಂದರೆ ಬೇಡ. ನಮ್ಮ ಗಡಿಗೆ ಹತ್ತಿರದ ವಯನಾಡಿನ ಮೀನಂಗಾಡಿ ಪಂಚಾಯತಿ 2016ರಲ್ಲಿ ಇಂಗಾಲದ ಸಮತೋಲ ಸಾಧಿಸುವ ಗುರಿ ಹಾಕಿಕೊಂಡಿತು. ಅಲ್ಲಿ ರೈತ ನೆಟ್ಟ ಮರವನ್ನೇ ಒತ್ತೆಯಿಟ್ಟು ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲ ಪಡೆಯಬಹುದು, ಮರ ಕಡಿದರೆ ಮಾತ್ರ ಹಿಂತಿರುಗಿಸಬೇಕು. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯತಿ 2006ರಲ್ಲಿ ಬ್ಯಾಂಕ್ ಸಾಲ ಮಾಡಿ 350 ಕಿಲೋವಾಟ್‌ನ ಗಾಳಿಯಂತ್ರವನ್ನೇ ಖರೀದಿಸಿತು. ತನ್ನ ಬಳಕೆ ಕಳೆದು ಉಳಿದ ವಿದ್ಯುತ್ತನ್ನು ಮಂಡಳಿಗೆ ಮಾರಿ ಆದಾಯ ಪಡೆಯಿತು. ನಮ್ಮಲ್ಲಿ ಬೀದಿದೀಪ, ನೀರಿನ ಪಂಪುಗಳ ಬಿಲ್ ಕಟ್ಟಲಾಗದೆ ಎಸ್ಕಾಂಗಳಿಗೆ ಬಾಕಿ ಉಳಿಸಿಕೊಂಡ ಪಂಚಾಯತಿಗಳು ಎಷ್ಟಿವೆ ಎಂಬುದು ಎಲ್ಲರಿಗೂ ಗೊತ್ತು.

ಈ ಮೂರೂ ಕಡೆ ದಾರಿ ಬೇರೆ ಬೇರೆ. ಒಂದೆಡೆ ನೀರು, ಒಂದೆಡೆ ಮರ, ಒಂದೆಡೆ ಗಾಳಿ. ಮೂರಕ್ಕೂ ಸಮಾನವಾದದ್ದು ಲೆಕ್ಕ ಊರಿನ ಮುಂದೆ ನಡೆಯಿತು, ನಿರ್ಧಾರ ಊರಿನದಾಯಿತು ಎಂಬುದು.

ಇಂಥ ಲೆಕ್ಕಕ್ಕೆ ದೊಡ್ಡ ತಜ್ಞರು ಬೇಕಾಗಿಲ್ಲ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಸಾವಿರ ಲೀಟರ್ ನೀರು. 1,000 ಹೆಕ್ಟೇರ್ ವಿಸ್ತಾರದ ಪಂಚಾಯತಿಯಲ್ಲಿ 700 ಮಿಲಿಮೀಟರ್ ಮಳೆಯೆಂದರೆ 700 ಕೋಟಿ ಲೀಟರ್. ಅಲ್ಲಿ 3,000 ಜನರಿದ್ದು, ಜಲಜೀವನ ಮಿಷನ್ ಹೇಳುವಂತೆ ತಲೆಗೆ ದಿನಕ್ಕೆ 55 ಲೀಟರ್ ಕೊಟ್ಟರೂ ವರ್ಷಕ್ಕೆ ಬೇಕಾದದ್ದು ಸುಮಾರು 6 ಕೋಟಿ ಲೀಟರ್. ಬಿದ್ದ ಮಳೆಯ ನೂರರಲ್ಲಿ ಒಂದು ಪಾಲೂ ಆಗಲಿಲ್ಲ! ಬಹುಪಾಲು ಆವಿಯಾಗುತ್ತದೆ, ಗಿಡ ಹೀರುತ್ತದೆ, ಹರಿದುಹೋಗುತ್ತದೆ, ಸರಿ. ಆದರೂ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಸ್ಥಿತಿ ಮಳೆ ಕಡಿಮೆಯಾದ್ದರಿಂದಷ್ಟೇ ಬಂದದ್ದಲ್ಲ ಎಂಬುದು ಈ ಲೆಕ್ಕ ಮಾಡಿದ ಹೈಸ್ಕೂಲ್ ಹುಡುಗಿಗೂ ಹೊಳೆಯುತ್ತದೆ. ಒಂದು ಎಕರೆ ಭತ್ತಕ್ಕೆ ಬೇಕಾಗುವ ನೀರಿನಲ್ಲಿ ಎರಡು ಎಕರೆ ರಾಗಿಯಾದರೂ ಬೆಳೆಯಬಹುದು ಎಂಬ ಮಾತು ಸಭೆಯ ಮುಂದೆ ಬಂದಾಗಲೇ ಬೆಳೆಯ ಚರ್ಚೆಗೆ ಅರ್ಥ. ರಾಗಿ ಬೆಳೆದವನಿಗೆ ಖರೀದಿ ಕೇಂದ್ರದಲ್ಲಿ ಬೆಲೆ ಸಿಗಬೇಕೆಂಬ ಬೇಡಿಕೆಗೂ ಅಲ್ಲಿಂದಲೇ ಬಲ.

ಆಕ್ಷೇಪಗಳು ಗೊತ್ತು. ಪಂಚಾಯತಿಗಳಲ್ಲಿ ಭ್ರಷ್ಟಾಚಾರವಿಲ್ಲವೇ? ಇದೆ. ನಕಲಿ ಜಾಬ್ ಕಾರ್ಡ್, ಕಾಣದ ಕೃಷಿ ಹೊಂಡ, ಎರಡು ಸಲ ತೆಗೆದ ಅದೇ ಹೂಳು, ಎಲ್ಲ ಇವೆ. ಆದರೆ ವಿಧಾನಸೌಧದ ಗುತ್ತಿಗೆಯಲ್ಲಿ ನಡೆದದ್ದು ಹಳ್ಳಿಯವನಿಗೆ ಗೊತ್ತಾಗುವುದು ಪತ್ರಿಕೆಯಲ್ಲಿ. ಊರ ಕೆರೆಯಲ್ಲಿ ಹೂಳು ತೆಗೆದರೋ ಇಲ್ಲವೋ ಎಂಬುದನ್ನು ಅವನು ಏರಿಯ ಮೇಲೆ ನಿಂತು ನೋಡಬಲ್ಲ. ಪಂಚಾಯತಿ ತನ್ನ ಲೆಕ್ಕವನ್ನು ಜನರ ಮುಂದಿಡುವ ಜಮಾಬಂದಿ ಎಂಬ ಪದ್ಧತಿಯೇ ಕಾಯ್ದೆಯಲ್ಲಿದೆ. ಅದನ್ನು ಗಟ್ಟಿಮಾಡುವ ಬದಲು ಅಧಿಕಾರವನ್ನೇ ಕಿತ್ತುಕೊಳ್ಳುವುದು ಸುಧಾರಣೆಯ ವೇಷದ ದುರಾಸೆ. ಎರಡನೆಯ ಆಕ್ಷೇಪ, ಭೂಮಿಯ ಬಿಸಿಗೆ ಕಾರಣವಾದದ್ದು ಸಿರಿವಂತ ದೇಶಗಳು, ನಮ್ಮ ಹಳ್ಳಿ ಏನು ಮಾಡೀತು? ಆ ದೇಶಗಳ ಹೊಣೆ ಕೇಳುತ್ತಲೇ ಇರಬೇಕು. ಆದರೆ ಅವರು ಒಪ್ಪುವವರೆಗೆ ನಮ್ಮ ಮಳೆ ಕಾಯುವುದಿಲ್ಲ. ಮುಂದಿನ ನವೆಂಬರ್‌ನ ಮೋಡವನ್ನು ನಾವು ತಡೆಯಲಾರೆವು, ಅದು ಸುರಿಸಿದ ನೀರನ್ನು ಕೆರೆಯಲ್ಲಿ ನಿಲ್ಲಿಸಬಲ್ಲೆವು.

ಮೂರನೆಯ ಮಾತನ್ನು ನಾವೇ ಹೇಳಬೇಕು. ಹಳೆಯ ಕೆರೆ ವ್ಯವಸ್ಥೆಯನ್ನು ಹಾಡಿ ಹೊಗಳುವುದು ಸುಲಭ. ಅದರಲ್ಲಿ ಅಚ್ಚುಕಟ್ಟಿನ ಗದ್ದೆ ಮೇಲ್ಜಾತಿಯವರದು, ತೂಬಿನ ಕೊಳೆಗೆ ಇಳಿಯುತ್ತಿದ್ದವರು ಹೆಚ್ಚಾಗಿ ದಲಿತರು. ಆ ಊರನ್ನು ಮರಳಿ ತರಬೇಕಾಗಿಲ್ಲ. ನಾವು ಕೇಳುತ್ತಿರುವುದು ಭೂಮಿಯಿಲ್ಲದವರೂ, ನೀರು ಹೊರುವ ಹೆಣ್ಣುಮಕ್ಕಳೂ ಸಮಾನವಾಗಿ ಕೂರುವ ಸಭೆ. ಕೆರೆಯ ಮೀನು, ಅಂಗಳದ ಹುಲ್ಲು, ಹೂಳಿನ ಮಣ್ಣು, ಇವುಗಳಲ್ಲಿ ಅವರ ಪಾಲು ಬರವಣಿಗೆಯಲ್ಲಿ ಇರಬೇಕು. ಸಂವಿಧಾನದ ಪಂಚಾಯತಿಗೂ ಹಳೆಯ ಪಟೇಲರ ಚಾವಡಿಗೂ ಇರುವ ವ್ಯತ್ಯಾಸ ಅದು. ಅದನ್ನು ಬಿಟ್ಟರೆ ಸುಸ್ಥಿರತೆ ಎಂಬುದು ಉಳ್ಳವರ ಹೊಲಕ್ಕೆ ನೀರು ಹರಿಸುವ ಇನ್ನೊಂದು ನೆಪವಾದೀತು.

ಹಣವಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. 2021ರಿಂದ 26ರ ಅವಧಿಗೆ 15ನೇ ಹಣಕಾಸು ಆಯೋಗ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಮಳೆನೀರು ಸಂಗ್ರಹವೂ ಅದರಲ್ಲಿತ್ತು. ಉದ್ಯೋಗ ಖಾತ್ರಿಯಡಿ ನೆಲ, ಜಲ, ಮರಗಳ ಕೆಲಸಕ್ಕೆ ವರ್ಷಗಟ್ಟಲೆ ಹಣ ಹರಿಯಿತು. ಕೊರತೆ ಇದ್ದದ್ದು ಈ ಹಣವನ್ನು ಒಂದು ನಕ್ಷೆಗೆ ಹೊಂದಿಸುವ ಯೋಜನೆಗೆ. ಯೋಜನೆಯಿಲ್ಲದ ಕಡೆ ಮೇಲಿನ ಹೊಲದಲ್ಲಿ ಕೃಷಿ ಹೊಂಡ, ಕೆಳಗೆ ಮುಚ್ಚಿದ ಕಾಲುವೆ. ಎರಡಕ್ಕೂ ಬಿಲ್ ಆಯಿತು, ನೀರು ನಿಲ್ಲಲಿಲ್ಲ.

ಆದ್ದರಿಂದ ನಮ್ಮ ಒತ್ತಾಯಗಳು ನೇರವಾಗಿವೆ. ಸ್ಥಳೀಯ ಸಂಸ್ಥೆಗಳ ಚುನಾವಣೆ ಯಾವ ಹಂತದಲ್ಲೂ ಒಂದು ದಿನವೂ ತಡವಾಗಕೂಡದು. ಮರುವಿಂಗಡಣೆ, ಮೀಸಲಾತಿಯ ಕೆಲಸ ಅವಧಿ ಮುಗಿಯುವ ವರ್ಷದ ಮೊದಲೇ ಮುಗಿಯಬೇಕು, ಆ ಅಧಿಕಾರ ಆಳುವ ಪಕ್ಷದ ಕೈಯಿಂದ ರಾಜ್ಯ ಚುನಾವಣಾ ಆಯೋಗಕ್ಕೆ ಹೋಗಬೇಕು. ಪ್ರತಿ ಗ್ರಾಮ ಪಂಚಾಯತಿ ಮಳೆಗಾಲದ ನಂತರ ನೀರಿನ ಬಜೆಟ್ ಮಂಡಿಸುವುದು ಕಡ್ಡಾಯವಾಗಲಿ, ಅದಿಲ್ಲದೆ ಕ್ರಿಯಾ ಯೋಜನೆಗೆ ಒಪ್ಪಿಗೆ ಬೇಡ. ಹೊಸ ಬೋರಿಗೆ ಅನುಮತಿ ಕೊಡುವಾಗ ಆ ಊರಿನ ಗ್ರಾಮಸಭೆಯ ಮಾತೇ ಮೊದಲು ಬರಲಿ. ಪ್ರತಿ ಕೆರೆ ಮತ್ತು ರಾಜಕಾಲುವೆಯ ಸರ್ವೆ ನಕ್ಷೆ ಪಂಚಾಯತಿ ಕಚೇರಿಯ ಗೋಡೆಯ ಮೇಲಿರಲಿ, ಒತ್ತುವರಿದಾರರ ಹೆಸರು ಸಹಿತ. ಒಂದು ಸರಪಳಿಯ ಕೆರೆಗಳ ಪಂಚಾಯತಿಗಳು ಕೂಡಿ ಕೂರುವ ವೇದಿಕೆ ತಾಲ್ಲೂಕು ಮಟ್ಟದಲ್ಲಿ ಬರಲಿ. ಘಟ್ಟದ ಪಂಚಾಯತಿಗಳಿಗೆ ಇಳಿಜಾರಿನ ನಕ್ಷೆಯನ್ನು ಕನ್ನಡದಲ್ಲಿ ಕೊಡಿ. ಭೂಪರಿವರ್ತನೆಯಲ್ಲಿ ಅವರಿಗೆ ತಡೆಯುವ ಹಕ್ಕು ಕೊಡಿ. ಪಂಪು, ಬೀದಿದೀಪಗಳಿಗೆ ಸೌರಶಕ್ತಿ ಅಳವಡಿಸಲು ಪಂಚಾಯತಿಗಳಿಗೆ ಸುಲಭ ಸಾಲ ಸಿಗಲಿ, ಉಳಿತಾಯ ಅವರ ಖಾತೆಗೇ ಹೋಗಲಿ.

ಇದರಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಾಗಿಲ್ಲ, ಪ್ಯಾರಿಸ್ಸಿನಲ್ಲಿ ಸಹಿ ಹಾಕಬೇಕಾಗಿಲ್ಲ. ಬೇಕಾದದ್ದು ಶಾಸಕರು ತಮ್ಮ ಕೈಯಲ್ಲಿ ಕೂಡಿಟ್ಟುಕೊಂಡ ಅಧಿಕಾರವನ್ನು ಬಿಟ್ಟುಕೊಡುವುದು. ಅದು ತಾನಾಗಿ ಆಗುವುದಿಲ್ಲ ಎಂಬುದು ಇಷ್ಟು ವರ್ಷಗಳ ಅನುಭವ. ಬಲವಾದ ಜಿಲ್ಲಾ ಪಂಚಾಯತಿ ಸದಸ್ಯ ನಾಳೆಯ ಪ್ರತಿಸ್ಪರ್ಧಿ ಎಂಬ ಲೆಕ್ಕ ಎಲ್ಲ ಪಕ್ಷಗಳ ಶಾಸಕರಿಗೂ ಚೆನ್ನಾಗಿ ಬರುತ್ತದೆ. ನೀರಿನ ಲೆಕ್ಕ ಬಾರದಿರುವುದಕ್ಕೆ ಕಾರಣವೂ ಅದೇ.

ಹಾಗಾಗಿ ಒತ್ತಡ ಕೆಳಗಿನಿಂದಲೇ ಬರಬೇಕು. ಮುಂದಿನ ಗ್ರಾಮಸಭೆಯಲ್ಲಿ ಮನೆ, ಪಿಂಚಣಿಯ ಪಟ್ಟಿ ಓದಿ ಮುಗಿಸುವ ಮೊದಲು ಒಬ್ಬರು ಎದ್ದು ‘ನಮ್ಮ ಊರಿಗೆ ಈ ವರ್ಷ ಎಷ್ಟು ಮಳೆ ಬಿತ್ತು, ಅದರಲ್ಲಿ ಎಷ್ಟು ನಿಂತಿತು’ ಎಂದು ಕೇಳಲಿ. ಉತ್ತರ ನಡವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಹಿ ಹಾಕದಿರಲಿ. ಬರ ಪರಿಹಾರ ತಡವಾದರೆ ಹೆದ್ದಾರಿ ತಡೆಯುವ ರೈತ ಸಂಘಟನೆಗಳು ಚುನಾವಣೆ ತಡವಾದಾಗಲೂ ಹೆದ್ದಾರಿಗೆ ಇಳಿಯಲಿ, ಯಾಕೆಂದರೆ ಎರಡೂ ಒಂದೇ ಅನ್ಯಾಯದ ಎರಡು ಕಂತುಗಳು. ತನ್ನ ಜಿಲ್ಲೆಗಳಿಗೆ ಜನಪ್ರತಿನಿಧಿಗಳನ್ನೇ ಕೊಡದ ಸರ್ಕಾರ ಮುಂದಿನ ಬರಗಾಲದಲ್ಲಿ ದೆಹಲಿಯ ಮುಂದೆ ಕೈಚಾಚಿ ನಿಂತರೆ, ಅದಕ್ಕೆ ಸಿಗುವ ಅರೆಕಾಸಿನ ಬಗ್ಗೆ ದೂರುವ ನೈತಿಕ ಹಕ್ಕು ಅದಕ್ಕೂ ಇರುವುದಿಲ್ಲ, ಅದನ್ನು ಸಹಿಸಿಕೊಂಡ ನಮಗೂ ಇರುವುದಿಲ್ಲ.